ದವಾಖಾನೆಯ ಮಾತು

ಡಾಕ್ಟರು ಕಸ್ತೂರೆಮ್ಮನ ಮುಂಗೈ ಬಿಟ್ಟು, ಮತ್ತೆ ಹಿಡಿದರು. ನಾಡಿ ಬೆದರಿದ ಕರುವಿನಂತೆ ಓಡುತ್ತಿತ್ತು, ತಟ್ಟನೆ ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಬಾಗಿಲ ಬಳಿ ಅವಳ ಗಂಡ ಶಿವಶರಣಪ್ಪ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ.

ಲಿಂಗಸುಗೂರಿನ ಈ ದವಾಖಾನೆಗೆ ಅವರು ಬಂದದ್ದು ಇದು ಎರಡನೆಯ ಸಲ. ಎಳೆತನದಲ್ಲಿ ಕೀಲು ಬಾತು ಬಂದ ಜ್ವರವೇ ಗುಂಡಿಗೆಯನ್ನು ಕೆಡಿಸಿದೆಯೆಂದು ಡಾಕ್ಟರು ಮೊದಲ ಸಲವೇ ಹೇಳಿದ್ದರು. ಅದಕ್ಕೂ ಮುಂಚೆ ತಮ್ಮೂರು ಮಸ್ಕಿಯಲ್ಲಿ ತಾಯತ, ಹಕೀಮರ ಲೇಹ್ಯ ಎಲ್ಲ ಆಗಿತ್ತು. ಯಾವುದೂ ನಾಟಿರಲಿಲ್ಲ. ಡಾಕ್ಟರು ಕೊಟ್ಟ ಕಹಿ ಹನಿ ಔಷಧ ಮಾತ್ರ ನಾಟಿತು. ಕೆಲವು ದಿನ ಆಕೆ ಬಾವಿಯಿಂದ ತಾನೇ ಕೊಡ ಹೊತ್ತು ತಂದಳು, ಗುಡ್ಡದ ಮಲ್ಲಯ್ಯನ ಗುಡಿಗೆ ನಡೆದೇ ಹತ್ತಿದಳು. ಶಿವಶರಣಪ್ಪ ತನ್ನ ಬಟ್ಟೆ ಅಂಗಡಿಗೆ ಬಂದವರಿಗೆಲ್ಲ, "ನಮ್ಮಾಕಿ ಗುಡ್ಡ ಹತ್ಯಾಳ" ಎಂದು ಹೇಳಿಕೊಂಡ. ಆಮೇಲೆ ವಾಂತಿ ಹತ್ತಿತು. ಸುಣ್ಣದ ಗೋಡೆ, ಹಾಲು, ಗಂಡನ ಧೋತರ ಎಲ್ಲವೂ ಅರಿಸಿನ ಕಲಸಿದಂತೆ ಕಾಣತೊಡಗಿದವು.

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಶಿವಶರಣಪ್ಪನ ಕಡೆ ತಿರುಗಿ ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು. ಔಷಧವೇ ವಿಷವಾಗುತ್ತಿದೆ, ನಿಲ್ಲಿಸಬೇಕು. ತಮ್ಮ ಹತ್ತಿರ ಬೇರೆ ಉಪಾಯವಿಲ್ಲ. ಹೈದರಾಬಾದಿನ ದಾರಿಯನ್ನು ಈ ಜೀವ ತಡೆಯಲಿಕ್ಕಿಲ್ಲ. ಮಳೆಗಾಲ ಕಂಡರೆ ದೊಡ್ಡದು.

"ಏನಂದ್ರು?" ಕಸ್ತೂರೆಮ್ಮ ಕೇಳಿದಳು.

"ಆರಾಮಾಗತೈತಿ ಅಂದ್ರು. ಹನಿ ಜಾಸ್ತಿ ಆಗ್ಯಾವಂತ. ಸ್ವಲ್ಪ ದಿನ ಬಿಟ್ಟು ಬ್ಯಾರೆ ಔಷಧ ತರಸ್ತಾರಂತ."

"ಹೌದಾ? ಚೊಲೊ ಆತು ಬಿಡ್ರಿ."

ಸಿಂಧನೂರಿನ ತವರಿನಲ್ಲಿ, ಪಕ್ಕದ ಮನೆಯ ಇಮಾಮ್‌ಬೀಯ ಅಂಗಳದಲ್ಲೇ ಆಡಿ ಬೆಳೆದವಳು ಕಸ್ತೂರೆಮ್ಮ. ಡಾಕ್ಟರ ಉರ್ದುವಿನ ಒಂದು ಮಾತೂ ಅವಳಿಗೆ ತಪ್ಪಿರಲಿಲ್ಲ. ಗಂಡನ ಮನೆಗೆ ಬಂದ ಮೇಲೆ ಆ ಭಾಷೆ ಆಡುವ ಪ್ರಸಂಗ ಬಂದಿರಲಿಲ್ಲ, ಅವನೂ ಕೇಳಿರಲಿಲ್ಲ.

ಬಂಡಿಯಲ್ಲಿ ಶಿವಶರಣಪ್ಪ ದಾರಿಯುದ್ದಕ್ಕೂ ಮಾತಾಡಿದ. ಎಂದೂ ಅಷ್ಟು ಮಾತಾಡಿದವನಲ್ಲ. ದೀಪಾವಳಿಗೆ ಇಳಕಲ್ಲ ಸೀರೆ ತರುತ್ತೇನೆಂದ, ಅಂಚು ಯಾವ ಬಣ್ಣದ್ದಿರಲಿ ಎಂದು ಕೇಳಿದ. ನನಗೆ ತಿಳಿದಿದೆ ಎನ್ನಬೇಕೆಂದು ಅವಳು ಬಾಯಿ ತೆರೆದಳು. ಆ ಸುಳ್ಳನ್ನು ಅವನು ಎಷ್ಟು ಕಷ್ಟದಿಂದ ಹೊತ್ತು ನಡೆದಿದ್ದನೆಂದರೆ, ಕೆಳಗಿಳಿಸು ಎನ್ನಲು ಮನಸ್ಸಾಗಲಿಲ್ಲ. "ಕೆಂಪಂಚಿನದು ಇರ್ಲಿ" ಎಂದಳು. ಹೆತ್ತ ಕೂಸುಗಳು ಉಳಿದಿರಲಿಲ್ಲ. ಮಸ್ಕಿಯ ಮನೆಯಲ್ಲಿ ಇದ್ದವರು ಇವರಿಬ್ಬರೇ.

ಮರುದಿನ ಬೆಳಗ್ಗೆ ಅವನು ಅಂಗಡಿಗೆ ಹೊರಟಾಗ ಅವಳು ಅಡುಗೆಮನೆಯಿಂದ ಕರೆದಳು. ಜೋಳದ ಹಿಟ್ಟು ನಾದಿಟ್ಟು, ಒಲೆಯ ಮೇಲೆ ಹಂಚು ಕಾಯಲಿಟ್ಟಿದ್ದಳು.

"ಇಲ್ಲಿ ಕುಂದರ್ರಿ. ರೊಟ್ಟಿ ಬಡೀರಿ."

"ನಾನಾ? ನೀ ಅದೀಯಲ್ಲ?"

"ಈಗ ಅದೀನಿ. ಅದಕ್ಕ ಹೇಳಾಕತ್ತೀನಿ."

ಅವನು ಅವಳ ಮುಖವನ್ನೇ ನೋಡಿದ. ಅಂಗಿಯ ತೋಳು ಮಡಚಿ ಒಲೆಯ ಮುಂದೆ ಕುಳಿತ.

"ಹಿಟ್ಟು ಉದುರಿಸ್ಕೋರಿ. ಅಂಗೈಲೆ ಬಡೀರಿ, ತಿರುಗಿಸಿಕೋಂತ."

ರೊಟ್ಟಿ ನಡುವೆ ಹರಿಯಿತು. ಅವನ ಕೈ ನಿಂತಿತು.

"ಇರ್ಲಿ. ಇನ್ನೊಂದು ಬಡೀರಿ."

ಒಂದು ಏಟು ಬಿರುಸು, ಒಂದು ಮೆತ್ತಗೆ, ಮಧ್ಯೆ ಸುಮ್ಮನೆ, ಮತ್ತೆ ಅವಸರದ ಎರಡು. ಕಸ್ತೂರೆಮ್ಮ ಗೋಡೆಗೆ ಒರಗಿ ಆ ಬಡಿತ ಕೇಳುತ್ತ ಕುಳಿತಳು. ಬೆಂಕಿ ಸಣ್ಣದಾದಾಗ ಕೈ ಚಾಚಿ ಕಟ್ಟಿಗೆಯನ್ನು ಒಳಕ್ಕೆ ದೂಡಿದಳು.