ಮೂರು ಶಾಲೆ, ಒಂದು ಅಂಗಿ

ನಾನು ಒಂದು ಯೂನಿಫಾರಂ ಅಂಗಿ. ಬಣ್ಣ ನೀಲಿ. ಆಕಾಶ ನನ್ನನ್ನು ನೋಡಿಯೇ ಬಣ್ಣ ಕಲಿತದ್ದು. ಟೇಲರ್ ಮೌಲಾಲಿ ನನ್ನನ್ನು ಹೊಲಿದು ಮುಗಿಸಿದ ದಿನ ಅಂಗಡಿಯ ಮುಂದೆ ಇಡೀ ಜಿಲ್ಲೆ ನೆರೆದಿತ್ತು. ಹೋಗಲಿ, ಅರ್ಧ ಜಿಲ್ಲೆ. ಒಂದು ಆಡಂತೂ ಖಂಡಿತ ಇತ್ತು.

ಉಳಿದ ಅಂಗಿಗಳು ಮಕ್ಕಳ ಮನೆಗೆ ಹೋದವು. ನನ್ನನ್ನೂ ನನ್ನ ಹತ್ತು ತಮ್ಮಂದಿರನ್ನೂ ಹೆಡ್‌ಮಾಸ್ತರ್ ಸಾಯಿಬಣ್ಣ ಬೀರುವಿನಲ್ಲಿಟ್ಟು ಬೀಗ ಜಡಿದರು. ರಾಜರ ಒಡವೆಗೂ ಅಂಥ ಬೀಗವಿಲ್ಲ.

ನಮ್ಮದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಊರು. ಒಂದೇ ಸಂಸ್ಥೆಗೆ ಮೂರು ಶಾಲೆ. ಮಕ್ಕಳು ಕಡಿಮೆಯಾದರೆ ಶಾಲೆ ಮುಚ್ಚುತ್ತಾರೆ. ಅದಕ್ಕೇ ವರ್ಷಕ್ಕೊಮ್ಮೆ ಮಕ್ಕಳ ತಲೆ ಎಣಿಸುವ ಸಾಹೇಬರು ಬರುವ ದಿನ ಕಲ್ಲಿನ ಶೆಡ್ಡುಗಳಿಂದ ಮಕ್ಕಳನ್ನು ತಂದು, ನಮ್ಮನ್ನು ತೊಡಿಸಿ, ಸಾಲಿನಲ್ಲಿ ನಿಲ್ಲಿಸುತ್ತಿದ್ದರು.

ನನ್ನ ಪಾಲಿಗೆ ಬಂದವಳು ಝುನು. ಒಡಿಶಾದಿಂದ ದುಡಿಯಲು ಬಂದವರ ಮಗಳು. ಕಲ್ಲು ಪಾಲಿಶ್ ಮಾಡುವಾಗ ನೀರಿನ ಪೈಪು ಹಿಡಿಯುವವಳು. ನಾನು ಅವಳ ಮೊಣಕಾಲಿನವರೆಗೆ ಇಳಿದೆ.

"ಮೂರೂ ಸಾಲಿಯೊಳಗ ಕೊಟ್ಟ ಹೆಸರು ಛಂದಾಗಿ ಹೇಳು. ನಾಳಿಂದ ನಿನ್ನ ಖರೇನ ನಾಕನೇ ಕ್ಲಾಸಿಗೆ ಸೇರಿಸ್ಕೋತೀನಿ," ಅಂದರು ಸಾಯಿಬಣ್ಣ.

ಮೊದಲನೆಯದಾದ ನಮ್ಮ ಶಾಲೆಯಲ್ಲಿ ಅವಳು ಕುಂಕುಮವಿಟ್ಟ ಶಾಂಭವಿ. ಸಾಹೇಬರು ಚಹಾ ಕುಡಿಯುವಷ್ಟರಲ್ಲಿ ಮಕ್ಕಳನ್ನು ತುಂಬಿದ ಟಂಟಂ ಆಟೊ ಹಿಂದಿನ ದಾರಿಯಲ್ಲಿ ಮುಂದಿನ ಶಾಲೆಗೆ ಹಾರಿತು. ಎರಡನೆಯದರಲ್ಲಿ ದುಪಟ್ಟಾ ಹೊದ್ದ ಶಬಾನಾ. ಮೂರನೆಯದರಲ್ಲಿ ಕೊರಳಿಗೆ ಮಣಿಸರ ಹಾಕಿದ ಲಂಬಾಣಿ ತಾಂಡಾದ ಸೋನಾಬಾಯಿ. ಸಾಹೇಬರು ತಲೆ ಎಣಿಸುತ್ತಾರೆ, ಮುಖ ನೋಡುವುದಿಲ್ಲ.

"ಭಾಳ ಛಲೋ ರೀ. ಎಲ್ಲಾ ಜಾತಿ ಮಕ್ಕಳು ಕೂಡಿ ಕಲೀತಾವ," ಅಂದರು.

ಆ ಎಲ್ಲಾ ಜಾತಿಯೂ ನಾನೇ ಎಂದು ನನ್ನ ಕಾಲರು ನೆಟ್ಟಗಾಯಿತು.

ಮರುದಿನ ಝುನು ಪ್ರಾರ್ಥನೆಗೂ ಮೊದಲೇ ಬಂದಳು. ತಲೆಗೆ ಎಣ್ಣೆ, ಎರಡು ಜಡೆ.

"ಮುಂದಿನ ವರ್ಷ ಬಾ," ಅಂದರು ಸಾಯಿಬಣ್ಣ.

"ನಾಳೆ ಅಂದಿದ್ರಿ, ಸರ್."

"ದಿನಾ ಬಂದ್ರ ನೀ ಯಾರಂತ ಎಲ್ಲಾರಿಗೂ ಗುರ್ತಾಗತದ. ಆಮ್ಯಾಲ ಮೂರು ಮಂದಿ ಹ್ಯಾಂಗ ಆಗ್ತಿ? ನಿನಗ ಮೂರು ಹೆಸರು ಕೊಟ್ಟೀನಿ. ನನ್ನ ಮಗಳಿಗೂ ಒಂದೇ ಅದ."

ಅವರು ನಕ್ಕರು. ನಾನೂ ನಕ್ಕೆ. ಬೀರುವಿನೊಳಗೆ ಕುಳಿತು ನಗುವುದು ಸುಲಭ.

ಮುಂದಿನ ವರ್ಷ ಬಂದಳು, ಅದರ ಮುಂದಿನದೂ. ಪ್ರತಿ ಸಲ ಅದೇ ಮಾತು ಕೊಟ್ಟರು, ಪ್ರತಿ ಸಲ ನಂಬಿದಳು. ನಾಲ್ಕನೆಯ ವರ್ಷ ಅವಳು ತೋಳು ತೂರಿಸುವಾಗ ನಾನು ಬೆನ್ನುದ್ದ ಹರಿದೆ.

"ಈಕಿ ಬೆಳದಾಳ. ಸಣ್ಣದೊಂದು ಹುಡುಗಿ ನೋಡ್ರಿ," ಅಂದರು ಸಾಯಿಬಣ್ಣ, ಅವಳೆದುರಿಗೇ.

ಈಗ ನಾನು ಕರಿಹಲಗೆ ಒರೆಸುವ ಬಟ್ಟೆ. ನನ್ನಷ್ಟು ಅಕ್ಷರ ನುಂಗಿದ ಪಂಡಿತ ಭೂಮಿಯ ಮೇಲಿಲ್ಲ. ಮೊನ್ನೆ ಅಂಗಳದ ಹಲಗೆಯ ಮೇಲೆ ಏಳನೆಯ ತರಗತಿಯ ಫಲಿತಾಂಶ ಬರೆದರು. ಆಚೆಯ ಶಾಲೆಗಳಲ್ಲಿ ಶಬಾನಾ, ಸೋನಾಬಾಯಿ ಇಬ್ಬರೂ ಪಾಸಂತೆ. ಗೇಟಿನ ಹೊರಗೆ ಝುನು ನಿಂತಿದ್ದಳು, ಮೈಯೆಲ್ಲ ಕಲ್ಲಿನ ಧೂಳು.

"ಏನು ಬರ್ದಾರ?" ಎಂದು ಒಬ್ಬ ಹುಡುಗಿಯನ್ನು ಕೇಳಿದಳು.

"ಶಾಂಭವಿ ಪಾಸಂತ. ಯಾರೋ ಏನೋ, ನಾವ್ಯಾರೂ ಆಕೀನ ನೋಡೇ ಇಲ್ಲ."

ಹುಡುಗಿ ಬೆರಳು ಮಾಡಿದ ಸಾಲನ್ನೇ ಝುನು ನೋಡುತ್ತ ನಿಂತಳು. ಅದರಲ್ಲಿ ಹೆಸರು ಯಾವುದು, ಪಾಸು ಯಾವುದು ಅವಳಿಗೆ ತಿಳಿಯದು. ಅಷ್ಟರಲ್ಲಿ ಅವಳನ್ನು ಕಂಡ ಸಾಯಿಬಣ್ಣ ನನ್ನನ್ನು ಕೈಗೆತ್ತಿಕೊಂಡರು. ಒಂದೇ ಬೀಸು. ನನ್ನಷ್ಟು ಚೊಕ್ಕಟವಾಗಿ ಒರೆಸುವವರು ಇನ್ನೊಬ್ಬರಿಲ್ಲ.