ಕಂಸದೊಳಗಿನ ಚಪ್ಪಾಳೆ

ಒಗೆದ ಬಟ್ಟೆ ಅರ್ಧ ಹರವಿ ಒಳಗೆ ಬಂದೆ. ಹತ್ತಕ್ಕೆ ಸಮ್ಮೇಳನ ಶುರು. ಸಾಫ್ಟ್‌ವೇರ್ ಬರೆಯುವವರು ವರ್ಷಕ್ಕೊಮ್ಮೆ ಸೇರಿ, ಮುಂದೆ ಏನೇನು ಬರಲಿದೆ ಎಂದು ತೋರಿಸುವ ಸಭೆ ಅದು. ಅಲ್ಲಿ ಆಡಿದ ಮಾತನ್ನು ಆಡಿದ ಹಾಗೇ ಟೈಪ್ ಮಾಡಿ ಪರದೆಗೆ ಕಳಿಸುವುದು ನನ್ನ ಕೆಲಸ. ಕಿವಿ ಕೇಳದವರು ಓದಿಕೊಳ್ಳುತ್ತಾರೆ. ಆರು ವರ್ಷದಿಂದ ಅಡುಗೆಮನೆಯ ಮೇಜಿನಿಂದಲೇ ಮಾಡುತ್ತಿದ್ದೇನೆ.

ಕಲಿತದ್ದು ಗುಬ್ಬಿಗಾಗಿ. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ನನ್ನ ಮಗಳ ಕಿವಿ ಹೋಯಿತು, ಮಾತು ಉಳಿಯಿತು. ಶಾಲೆಯಲ್ಲಿ ಪಕ್ಕ ಕೂತು ಪಾಠವನ್ನೆಲ್ಲ ಟೈಪ್ ಮಾಡುತ್ತಿದ್ದೆ. ಓದಿ ಓದಿ ಅವಳ ಮುಖ ಬಾಡಿದಾಗ ಕಂಸದಲ್ಲಿ ಏನಾದರೂ ಸೇರಿಸುತ್ತಿದ್ದೆ: (ಹಿಂದಿನ ಬೆಂಚಲ್ಲಿ ಗೊರಕೆ), (ಟೀಚರ ಹೊಟ್ಟೆ ಗುರ್ ಅಂತಿದೆ). ಅವಳು ಕಿಸಕ್ಕನೆ ನಗುವಳು, ಬೈಗುಳ ಮಾತ್ರ ನನಗೆ.

ಇವತ್ತು ವೇದಿಕೆಯ ಮೇಲೆ ಅವಳೇ. ಕೇಳಿದ್ದನ್ನು ತಾನೇ ಬರೆಯುವ ಯಂತ್ರ ಅವಳ ತಂಡದ್ದು. ಈ ವರ್ಷದ ದೊಡ್ಡ ಸುದ್ದಿ ಅದೇ. ಹೋದ ವಾರ ಪಾತ್ರೆ ಒರೆಸುತ್ತಾ ಹೇಳಿದಳು:

“ಅಮ್ಮ, ನೀನು ಟೈಪ್ ಮಾಡಿದ್ದೆಲ್ಲ ಅದಕ್ಕೆ ಓದಿಸಿದ್ವಿ.”

ತುಟಿ ಕಾಣುವಂತೆ ತಿರುಗಿ ಕೇಳಿದೆ. “ಗೊರಕೆನೂ ಕಲೀತಾ?”

“ಇಲ್ಲಮ್ಮ. ಕಂಸದಲ್ಲಿ ಇದ್ದಿದ್ದನ್ನೆಲ್ಲ ತೆಗೆದುಬಿಟ್ರು. ಕಸ ಅಂದ್ರು.”

“ಕಸ ಗುಡಿಸೋಳು ನಾನೇ ಅಲ್ವೇನೇ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

ನಕ್ಕಳು. ಆಮೇಲೆ ಮೆಲ್ಲಗೆ, “ನಿನ್ನ ಕೆಲಸ ಹೋಗತ್ತೆ ಅಂತ ಬೇಜಾರಾ?” ಎಂದಳು.

“ಹೋಗ್ಲಿ ಬಿಡೇ. ಬೆರಳು ಸವೆದುಹೋಗಿದೆ.”

“ವೇದಿಕೆ ಮೇಲೆ ದೀಪ ಕಣ್ಣಿಗೇ ಹೊಡೆಯತ್ತಮ್ಮ, ಎದುರಿಗೆ ಯಾರೂ ಕಾಣಲ್ಲ. ಚಪ್ಪಾಳೆ ಬಿದ್ರೆ ಬರಿ. ಬೀಳದಿದ್ರೂ ಬರಿ.”

“ಸುಳ್ಳು ಬರೆಯಲ್ಲ ಕಣೇ ನಾನು.”

ಇವತ್ತು ಹತ್ತಕ್ಕೆ ಲ್ಯಾಪ್‌ಟಾಪಿನ ವೀಡಿಯೊದಲ್ಲಿ ವೇದಿಕೆ ಕಾಣಿಸಿತು. ಗುಬ್ಬಿ ಮಾತಾಡಿದಳು, ನಾನು ಟೈಪ್ ಮಾಡಿದೆ. “ಲೋಕ ಏನು ಮಾತಾಡ್ತಿದೆ ಅಂತ ನನಗೆ ತಲುಪಿಸಿದ್ದು ನಮ್ಮಮ್ಮನ ಬೆರಳು,” ಎಂದಾಗ ಒಂದು ಅಕ್ಷರ ತಪ್ಪಿತು. “ಇನ್ಮೇಲೆ ಯಾರ ಅಮ್ಮನೂ ಹೀಗೆ ಸವೆಯಬೇಕಾಗಿಲ್ಲ.” ಅದನ್ನೂ ಟೈಪ್ ಮಾಡಿದೆ. ಅವಳು ಯಂತ್ರ ಶುರುಮಾಡುವ ಗುಂಡಿ ಒತ್ತಿದಳು.

ಲ್ಯಾಪ್‌ಟಾಪಿನಲ್ಲಿ ನಾನು ಟೈಪ್ ಮಾಡುವ ಕಿಟಕಿ ಬೂದು ಬಣ್ಣಕ್ಕೆ ತಿರುಗಿ ಮುಚ್ಚಿಕೊಂಡಿತು. ಯಂತ್ರದ ಸಾಲು ಓಡತೊಡಗಿತು. ಒಂದು ತಪ್ಪಿಲ್ಲ, ಒಂದು ಕ್ಷಣ ತಡವಿಲ್ಲ. ನನ್ನ ಮಗಳು ಜಾಣೆ.

“ಧನ್ಯವಾದ,” ಎಂದು ಮುಗಿಸಿದಳು.

ಚಪ್ಪಾಳೆ ಎಂದರೆ ಚಪ್ಪಾಳೆ! ನನ್ನ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರು ಗರಗರ ಒದರಿತು. ಗುಬ್ಬಿ ತನಗೆ ಓದಲೆಂದು ಕಾಲಬುಡದಲ್ಲಿಟ್ಟ ಪರದೆ ನೋಡಿದಳು. ಅಲ್ಲಿ ಕೊನೆಗೆ ‘ಧನ್ಯವಾದ’ ಎಂದಷ್ಟೇ ಇತ್ತು. ಕಾದಳು. ಕತ್ತಲ ಕಡೆ ಒಮ್ಮೆ ನೋಡಿ, ಮತ್ತೆ ಪರದೆ ನೋಡಿದಳು.

(ಚಪ್ಪಾಳೆ) ಎಂದು ಒತ್ತಿದೆ. ಮುಚ್ಚಿದ ಕಿಟಕಿಯಲ್ಲಿ ಅಕ್ಷರ ಮೂಡಲಿಲ್ಲ. (ಎಲ್ಲರೂ ಎದ್ದು ನಿಂತಿದ್ದಾರೆ ಗುಬ್ಬಿ) ಎಂದು ಒತ್ತಿದೆ. ಫೋನಿಗಾದರೂ ಕಳಿಸೋಣವೆಂದರೆ ಅದು ವೇದಿಕೆಯ ಹಿಂದೆ, ಅವಳ ಚೀಲದಲ್ಲಿ.

ಆಗ ಅವಳು ನಕ್ಕಳು. ಚಿಕ್ಕವಳಿದ್ದಾಗ ಮನೆಗೆ ಬಂದವರು ಏನೋ ಅಂದರೆ, ಕೇಳದಿದ್ದರೂ ಕೇಳಿಸಿತೆಂಬಂತೆ ನಗುತ್ತಿದ್ದಳಲ್ಲ, ಅದೇ ನಗು. ನಾನು ಪಕ್ಕದಲ್ಲಿದ್ದಾಗ ಆ ನಗು ಅವಳಿಗೆ ಬೇಕಾಗುತ್ತಿರಲಿಲ್ಲ.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಗುಬ್ಬಿ ತಲೆ ತಗ್ಗಿಸಿ, ಬೇಗ ಬೇಗ ಮೆಟ್ಟಿಲಿಳಿದು ಹೋದಳು.