ಐದನೇ ಖೋಲಿಯ ಎಣಿಕೆ

ಎಸರು ಕುದಿ ಬಂತು. ಮಾಳವ್ವ ಪರಾತದಲ್ಲಿದ್ದ ಜೋಳದ ಹಿಟ್ಟಿನ ನಡುವೆ ಕುಣಿ ಮಾಡಿ, ಎಸರು ಸುರುವಿ, ಬಿಸಿ ಆರುವ ಮೊದಲೇ ಕೈ ಹಾಕಿ ನಾದತೊಡಗಿದಳು. ಅಂಗೈ ಕೆಂಪಗೆ ಸುಟ್ಟರೂ ಉಸ್ ಅನ್ನಲಿಲ್ಲ. ತಣ್ಣಗಾದ ಹಿಟ್ಟು ನಾದಿದರೆ ರೊಟ್ಟಿ ಅಂಚಿಗೆ ಸೀಳುತ್ತದೆ. ಸೀಳಿದ ರೊಟ್ಟಿಯನ್ನು ಒಡತಿ ವಾಣಿಶ್ರೀ ಎಣಿಕೆಗೆ ಹಿಡಿಯುವುದಿಲ್ಲ.

ಧಾರವಾಡದ ಅಂಚಿನ ಲಕಮನಹಳ್ಳಿಯ ಆ ವಠಾರದಲ್ಲಿ ಮುಂದೆ ವಾಣಿಶ್ರೀಯ ಮನೆ, ಹಿಂದೆ ಸಾಲಾಗಿ ಐದು ಖೋಲಿ, ಪಕ್ಕಕ್ಕೆ ತಗಡು ಹೊದಿಸಿದ ರೊಟ್ಟಿ ಶೆಡ್ಡು. ಅಲ್ಲಿ ಬಡಿದ ರೊಟ್ಟಿ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕ್ಯಾಂಟೀನುಗಳಿಗೆ ಹೋಗುತ್ತಿತ್ತು. ಖೋಲಿ ಬೇಕೆಂದರೆ ರೊಟ್ಟಿ ಬಡಿಯಬೇಕು, ರೊಟ್ಟಿ ಬಿಟ್ಟರೆ ಖೋಲಿಯನ್ನೂ ಬಿಡಬೇಕು. ಮಾಳವ್ವ ಐದನೇ ಖೋಲಿಯವಳು.

“ಏ ಮಾಳಿ, ಕಿವ್ಯಾಗ ಅರಳಿ ತುರಕೊಂಡಿಯೇನ? ನೀರ ಕೇಳಿ ಎಷ್ಟೊತ್ತಾತು,” ಎಂದು ಪಡಸಾಲೆಯ ತೂಗುಮಂಚದಿಂದ ಶಿವಲಿಂಗವ್ವ ಕೂಗಿದಳು. ವಾಣಿಶ್ರೀಯ ಅತ್ತೆ. ಎಂಬತ್ತು ದಾಟಿದ ಮುದುಕಿ. ಬಾಯಲ್ಲಿ ಒಂದೂ ಹಲ್ಲಿಲ್ಲ. ಮಾಳವ್ವ ಬಡಿದ ರೊಟ್ಟಿಯಾದರೆ ಮಾತ್ರ ಹಾಲಲ್ಲಿ ನೆನೆಸಿ ನುಂಗುತ್ತಾಳೆ. ಉಳಿದವರದು ಗಂಟಲಿಗೆ ಇಳಿಯುವುದಿಲ್ಲ.

ಮಾಳವ್ವ ಕೈ ತೊಳೆದು ತಂಬಿಗೆ ಒಯ್ದುಕೊಟ್ಟಳು. ಮುದುಕಿ ತುಟಿ ಹಚ್ಚಿ ಕುಡಿದು, ಬಾಯಿ ಒರೆಸಿಕೊಂಡು, ತನ್ನವಳಿಗೆ ಹೇಳುವಂತೆ ಆಪ್ತವಾಗಿ ಹೇಳಿದಳು.

“ಇವತ್ತ ಗಣತಿಯವ್ರು ಬರ್ತಾರಂತ. ಕಂಡಕಂಡ ಹಲಕಟ್ ಮಂದೀನೆಲ್ಲಾ ಎಣಿಸೆಣಿಸಿ ತಲಿ ಮ್ಯಾಲ ಕುಂಡ್ರಸ್ತಾರ ಸೂಳೆಮಕ್ಕಳು. ಹೊಲ್ಯಾರು, ಮಾದರ್ರು ಲೆಕ್ಕಕ್ಕ ಬಂದ್ರಂದ್ರ ಇನ್ನ ನೀನೂ ನಾನೂ ಕಸಾ ಹೊಡ್ಯಾಕ ಹೋಗೂದ.”

ಮಾಳವ್ವ ತಂಬಿಗೆ ಇಸಿದುಕೊಂಡು ಒಲೆಗೆ ಮರಳಿದಳು.

ಆರು ವರ್ಷದ ಹಿಂದೆ ಇದೇ ತೂಗುಮಂಚದ ಮುಂದೆ ಅವಳು, ಅವಳ ಗಂಡ ಕಲ್ಲೇಶ ಖೋಲಿ ಕೇಳಲು ನಿಂತಿದ್ದರು. “ಯಾ ಪೈಕಿ?” ಎಂದು ಮುದುಕಿ ಕೇಳಿದ್ದಳು. ಅದಕ್ಕೂ ಮೊದಲು ಹನ್ನೊಂದು ಮನೆಗಳಲ್ಲಿ ಖರೇ ಹೇಳಿ ಹನ್ನೊಂದು ಬಾಗಿಲು ಮುಚ್ಚಿಸಿಕೊಂಡಿದ್ದ ಕಲ್ಲೇಶ ಹನ್ನೆರಡನೆಯದಕ್ಕೆ, “ನಿಮ್ಮ ಪೈಕೀನ ರೀ ಯವ್ವಾ,” ಅಂದುಬಿಟ್ಟ. ಮಾಳವ್ವ ನೆಲ ನೋಡುತ್ತ ನಿಂತಿದ್ದಳು. ಎರಡು ವರ್ಷ ಎರಕದ ಕಾರ್ಖಾನೆಯ ಧೂಳು ಕುಡಿದು ಕಲ್ಲೇಶ ಎದೆ ಹಿಡಿದುಕೊಂಡು ಸತ್ತ. ಹೋಗುವಾಗ ಆ ಸುಳ್ಳನ್ನು ಒಯ್ಯಲಿಲ್ಲ. ಅದು ಮಾಳವ್ವನ ಹಣೆಯ ಮೇಲೆ ವಿಭೂತಿಯಾಗಿ ಉಳಿಯಿತು. ದಿನಾ ಬೆಳಿಗ್ಗೆ ಮೂರು ಬೆರಳಲ್ಲಿ ಅದನ್ನು ಹಚ್ಚಿಕೊಂಡೇ ಅವಳು ಖೋಲಿಯಿಂದ ಹೊರಬೀಳುತ್ತಿದ್ದಳು.

ಹಿಂದಿನ ದಿನ ಹೆಬ್ಬಳ್ಳಿಯಿಂದ ಅಪ್ಪ ಹೊಳೆಯಪ್ಪ ಫೋನು ಮಾಡಿದ್ದ. “ನಮ್ಮ ಓಣ್ಯಾಗ ಬಂದ ಹೋದ್ರವಾ. ಮನ್ಯಾಗ ಎಷ್ಟ ಮಂದಿ ಅಂದ್ರು. ನಾ ಆರು ಅಂದೆ. ಧಾರವಾಡದಾಗ ಇದ್ದವ್ರನ್ನ ಧಾರವಾಡದಾಗ ಬರಸ್ಬೇಕಂತ. ನಿಮ್ಮಿಬ್ಬರದೂ ಹೆಸರ ಹೊಡದ ಹಾಕಿದ್ರು. ನೀ ಅಲ್ಲಿ ಬರಸು. ಮನಷ್ಯಾ ಅಂದಮ್ಯಾಲ ಎಲ್ಲೆರೆ ಒಂದ ಕಡೆ ಇರಬೇಕಲಾ.”

ಹತ್ತನೆಯ ಇಯತ್ತೆಯ ಮಗಳು ಮಾನಸಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಳು. ಫೋನು ಇಟ್ಟ ಮೇಲೆ ಅವಳು ಪುಸ್ತಕದಿಂದ ತಲೆ ಎತ್ತಿ ಕೇಳಿದಳು. “ಯವ್ವಾ, ಸ್ಕಾಲರ್‌ಶಿಪ್ಪಿಗೆ ಎಸ್‌ಸಿ ಹುಡುಗ್ಯಾರು ಎದ್ದ ನಿಂದ್ರಿ ಅಂತಾರ, ಎದ್ದ ನಿಂದರತೇನಿ. ಮನಿಗೆ ಬಂದ್ರ ಸುಮ್ನ ಕುಂಡರತೇನಿ. ನಾಳೆ ನಿಂದರ್ಲೋ, ಕುಂಡರ್ಲೋ?”

ಮಾಳವ್ವ ಎದ್ದು ದೀಪ ಆರಿಸಿದ್ದಳು.

ಹನ್ನೊಂದರ ಸುಮಾರಿಗೆ ರಾಜೇಶ್ವರಿ ಟೀಚರ್ ಬಂದರು. ಮಾನಸಿಯ ಶಾಲೆಯವರೇ. ಗಣತಿಗೆಂದು ಸಾಲಿಗೆ ಸೂಟಿ ಕೊಟ್ಟು ಟೀಚರುಗಳನ್ನು ಓಣಿ ಓಣಿಗೆ ಹಚ್ಚಿದ್ದರು. ಅದಕ್ಕೂ ಮೊದಲೇ ಯಾರೋ ಬಂದು ಪ್ರತಿ ಖೋಲಿಯ ಕದಕ್ಕೆ ನಂಬರಿನ ಚೀಟಿ ಅಂಟಿಸಿ ಹೋಗಿದ್ದರು. ಒಳಗೆ ನೆಟ್‌ವರ್ಕ್ ಸಿಗದೆ ಟೀಚರ್ ಅಂಗಳದ ನುಗ್ಗೆಗಿಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಮೊಬೈಲು ತೆರೆದರು. ಹಾಗಾಗಿ ಒಬ್ಬೊಬ್ಬರ ಮನೆತನವೂ ಇಡೀ ವಠಾರದ ಕಿವಿಗೆ ಬೀಳುವಂತಾಯಿತು.

ವಾಣಿಶ್ರೀ ಚಹಾ ತಂದುಕೊಟ್ಟು ಕುರ್ಚಿಯ ಬೆನ್ನು ಹಿಡಿದು ನಿಂತಳು. ಆ ವಾರ ಅವಳು ತನ್ನ ಜಾತಿಯ ಸಂಘದ ಸಭೆಗೆ ಹೋಗಿಬಂದಿದ್ದಳು. “ನೋಡ್ರಿ ಅಕ್ಕೋರ, ನಮ್ಮ ಮಂದಿ ಕಮ್ಮಿ ಅದಾರಂತ ತೋರಸಾಕ ಭಾಳ ಮಂದಿ ಕಾಯಾಕತ್ತಾರ. ನಮ್ಮ ವಠಾರದಾಗ ಎಲ್ಲಾರೂ ನಮ್ಮವ್ರ. ಒಂದ್ ತಲಿನೂ ಬಿಡಬ್ಯಾಡ್ರಿ.”

ರೊಟ್ಟಿ ಒಯ್ಯಲು ಲಗೇಜ್ ಆಟೊ ತಂದಿದ್ದ ಶರೀಫಸಾಬ ಬುಟ್ಟಿ ಏರಿಸುತ್ತ ನಕ್ಕ. “ನಮ್ಮನ್ಯಾಗ ನಿನ್ನೆ ಆತ್ರೀ. ಹೆಸರ ಕೇಳಿದ್ರು. ಮುಂದಿನ ಎಂಟ ಪ್ರಶ್ನೆಕ್ಕ ತಾವ ಉತ್ತರ ಬರಕೊಂಡ್ರು. ನನಗ ಭಾಳ ಹಗರ ಆತು.”

ಟೀಚರೂ ನಕ್ಕರು. ನಾಲ್ಕು ಖೋಲಿ ಮುಗಿಯುವ ಹೊತ್ತಿಗೆ ಬಿಸಿಲು ಗಿಡದ ಬುಡಕ್ಕೆ ಬಂದಿತ್ತು. ನಾಲ್ಕಕ್ಕೂ ವಾಣಿಶ್ರೀಯೇ ಜಾತಿ ಹೇಳಿದ್ದಳು. ಆ ನಾಲ್ವರಿಗೂ ಅದು ಖರೇ ಆಗಿದ್ದರಿಂದ ಯಾರೂ ಮಾತಾಡಿರಲಿಲ್ಲ.

“ಐದನೇದ್ದು. ಬರ್ರಿ ಮಾಳವ್ವಾರ.”

ಮಾಳವ್ವ ಹಿಟ್ಟಿನ ಕೈಯಲ್ಲೇ ಬಂದು ನೆಲದ ಮೇಲೆ ಕೂತಳು. ಮಾನಸಿ ಹಿಂದೆ ನಿಂತಳು. ಮನೆಗೆ ಮಾಡು ಎಂಥದು, ಸಂಡಾಸು ಐತೋ ಇಲ್ಲೋ, ನೀರು ಎಲ್ಲಿಂದ. ಟೀಚರ್ ಕೇಳಿದ್ದಕ್ಕೆಲ್ಲ ಅವಳು ಸಣ್ಣ ದನಿಯಲ್ಲಿ ಉತ್ತರ ಹೇಳಿದಳು.

“ಲಗ್ನ ಆದಾಗ ವಯಸ್ಸೆಷ್ಟ್ರಿ?”

“ಹದಿನೈದ್ರೀ.”

“ಸಾಲಿ ಯಾಕ ಬಿಟ್ರಿ?”

“ನಾ ಬಿಡ್ಲಿಲ್ರೀ. ಬಿಡಸಿದ್ರು.”

ಟೀಚರ್ ಪಟ್ಟಿಯಲ್ಲಿ ಆ ಉತ್ತರ ಹುಡುಕಿ, ಸಿಗದೆ, ‘ಇತರೆ’ ಒತ್ತಿದರು.

“ಜಾತಿ?”

“ಬರಕೋರಿ, ನಮ್ಮವ್ರ,” ಎಂದಳು ವಾಣಿಶ್ರೀ.

ಟೀಚರ್ ತಲೆ ಎತ್ತಿ ಮಾನಸಿಯನ್ನು ನೋಡಿದರು. ಜುಲೈ ತಿಂಗಳಲ್ಲಿ ಇದೇ ಹುಡುಗಿಯನ್ನು ಎದ್ದು ನಿಲ್ಲಿಸಿ ಹೆಸರು ಬರೆದುಕೊಂಡವರು ಅವರೇ. ಮಾನಸಿ ಕಣ್ಣು ಸರಿಸಲಿಲ್ಲ. ಟೀಚರೇ ಸರಿಸಿದರು.

“ಮನಿಯವ್ರ ಹೇಳ್ಬೇಕ್ರೀ. ಮಾಳವ್ವಾರ, ನೀವ ಹೇಳ್ರಿ.”

ವಾಣಿಶ್ರೀ ಕುರ್ಚಿ ಬಿಟ್ಟು ಬಂದು, ಮಾಳವ್ವನ ಹೆಗಲ ಮೇಲೆ ಕೈಯಿಟ್ಟು ಕಿವಿಗೆ ಬಾಗಿದಳು. ಅವಳ ದನಿ ಮೆತ್ತಗಿತ್ತು.

“ಯುಗಾದಿಗೆ ನಿಮ್ಮಪ್ಪ ಬಂದಿದ್ದ ನೆನಪೈತಿಲ್ಲ? ಮೆಟ್ಟ ಎಲ್ಲಿ ಬಿಟ್ಟಿದ್ದ ಗೊತ್ತೈತೇನ? ಓಣಿ ತುದಿಗೆ, ಲೈಟಿನ ಕಂಬದ ಬುಡಕ. ಬರಿಗಾಲಿಲೆ ಬಂದ. ನಾ ಲೋಟಾದಾಗ ನೀರ ಕೊಟ್ಟೆ, ಬೊಗಸಿ ಒಡ್ಡಿದ. ಅವತ್ತ ನಾ ಏನರೆ ಅಂದೆನೇನ? ನಮ್ಮತ್ತಿಗೆ ಹೇಳಿದೆನೇನ?”

ಮಾಳವ್ವನಿಗೆ ಹಂಚಿನ ಮೇಲೆ ಕೂತ ಹಾಗಾಯಿತು. ಅವತ್ತು ಅವಳು ಶೆಡ್ಡಿನಲ್ಲಿದ್ದಳು. ಅಪ್ಪ ಹೇಗೆ ಬಂದ, ಹೇಗೆ ಕುಡಿದ, ಅವಳು ನೋಡಿರಲಿಲ್ಲ. ಅರವತ್ತೈದು ವರ್ಷ ದೊಡ್ಡವರ ಓಣಿಗೆ ಬರಿಗಾಲಲ್ಲೇ ನಡೆದ ಕಾಲು. ಮಗಳು ಬಾ ಅಂದಿದ್ದಳೇ ಹೊರತು, ಮೆಟ್ಟಿಕೊಂಡು ಬಾ ಅಂತ ಹೇಳುವುದನ್ನು ಮರೆತಿದ್ದಳು. ಆ ಯುಗಾದಿಯಿಂದಲೇ ತನ್ನ ಐತವಾರದ ಸೂಟಿ ನಿಂತದ್ದು. ಮುದುಕಿಯ ಹೊಲಸಾದ ಸೀರೆ ಒಗೆಯುವ ಕೆಲಸ ತನಗೊಬ್ಬಳಿಗೇ ಬಿದ್ದದ್ದೂ ಆವಾಗಲೇ. ಯಾಕೆ ಅಂತ ಕೇಳುವ ಧೈರ್ಯವಾಗಿರಲಿಲ್ಲ. ಗುಟ್ಟು ತನ್ನ ಗಂಟಲಲ್ಲಿದೆ ಎಂದು ಅವಳು ತಿಳಿದಿದ್ದಳು. ಹಗ್ಗದ ತುದಿ ಆಗಿನಿಂದಲೂ ಈ ಮೆತ್ತನೆಯ ಕೈಯಲ್ಲಿತ್ತು.

“ಸುಮ್ನಿದ್ದಿ ಅಂದ್ರ ಖೋಲಿನೂ ಐತಿ, ಕೆಲಸಾನೂ ಐತಿ. ಮಗಳ ಹತ್ನೇತ್ತಾನೂ ಮುಗೀತೈತಿ,” ಎಂದು ವಾಣಿಶ್ರೀ ನೆಟ್ಟಗೆ ನಿಂತು ಗಟ್ಟಿಯಾಗಿ ಹೇಳಿದಳು. “ಆಕಿ ನಾಚಕಿ ಸ್ವಭಾವದಾಕಿ ರೀ ಅಕ್ಕೋರ. ನಾ ಹೇಳಿದ್ದ ಬರೀರಿ.”

ಮಾಳವ್ವ ನೆಲ ನೋಡಿದಳು. ಟೀಚರ್ ಒಂದು ಗಳಿಗೆ ಕಾದರು. ಆಮೇಲೆ ಅವರ ಬೆರಳು ವಾಣಿಶ್ರೀ ಹೇಳಿದ್ದನ್ನೇ ಒತ್ತಿತು.

“ನಿಮ್ಮ ಮೊಬೈಲಿಗೆ ಒಂದ ಓಟಿಪಿ ಬಂದಿರ್ತೈತಿ. ಅದನ್ನ ಹೇಳಿದ್ರ ಮುಗೀತು.”

ಮೊಬೈಲು ಮಾನಸಿಯ ಕೈಯಲ್ಲಿ ಕುಂಯ್ ಅಂತು.

“ಓದಬೇ ಮಾನಸಿ,” ಎಂದಳು ವಾಣಿಶ್ರೀ.

ಮಾನಸಿ ಓದಲಿಲ್ಲ. ತಾಯಿಯನ್ನು ನೋಡಿದಳು. ನಿಂದರ್ಲೋ ಕುಂಡರ್ಲೋ ಎಂದು ಕೇಳಿದಾಗಿನ ಅದೇ ಕಣ್ಣು. ಪಡಸಾಲೆಯಲ್ಲಿ ಮುದುಕಿ ಹಾಲುರೊಟ್ಟಿ ಚಪ್ಪರಿಸುವ ಸದ್ದು ಕೇಳುತ್ತಿತ್ತು.

ಮಾಳವ್ವ ಎದ್ದು, ಮಗಳ ಕೈಯಿಂದ ಮೊಬೈಲು ತೆಗೆದುಕೊಂಡು ಕುಪ್ಪಸದೊಳಗೆ ಇಟ್ಟುಕೊಂಡಳು.

“ಅಕ್ಕೋರ, ನಾವು ಮಾದರ್ರ ರೀ. ನಮ್ಮಪ್ಪ ಹೆಬ್ಬಳ್ಳಿ ಹೊಳೆಯಪ್ಪ. ತಿದ್ದಿ ಬರೀರಿ. ಆಮ್ಯಾಲ ನಂಬರ ಹೇಳತೇನಿ.”

ಶರೀಫಸಾಬನ ಕೈಯಲ್ಲಿ ಕೊನೆಯ ಬುಟ್ಟಿ ಅಲ್ಲೇ ನಿಂತಿತು. ಉಳಿದ ಖೋಲಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಡಸಾಲೆಯಲ್ಲಿ ಚಪ್ಪರಿಸುವ ಸದ್ದು ನಿಂತಿತು.

“ಆಕಿದು ತಲಿ ನೆಟ್ಟಗಿಲ್ರೀ ಅಕ್ಕೋರ, ಗಂಡ ಸತ್ತಾಗಿಂದ ಹಿಂಗ ಆಗೇತಿ,” ಎಂದು ವಾಣಿಶ್ರೀ ನಗಲು ನೋಡಿದಳು.

“ವಾಣೀ,” ಎಂದಳು ಮುದುಕಿ. ಬಾಯೊಳಗಿನ ಮೆತ್ತನೆಯ ತುತ್ತನ್ನು ಎರಡು ಬೆರಳಿಂದ ಹೊರಗೆ ತೆಗೆದು ತಾಟಿನ ಅಂಚಿಗೆ ಇಟ್ಟಳು. “ಆರ ವರ್ಷ ಆತಲ್ಲಬೇ.”

ಆಮೇಲೆ ಬೈಗಳು ಬಂದವು. ಮುದುಕಿಯ ಬಾಯಲ್ಲಿ ಹಲ್ಲಿಲ್ಲದಿದ್ದರೂ ಬೈಗಳಿಗೆ ಹರಿತವಿತ್ತು. ಜಾತಿ ಹಿಡಿದು, ತಾಯಿ ಹಿಡಿದು, ಸತ್ತ ಕಲ್ಲೇಶನನ್ನು ಹಿಡಿದು ಬೈದಳು. “ರಂಡಿ, ನನ್ನ ಬಾಯಿ ಹೊಲಸ ಮಾಡಿದೆಲ್ಲಾ,” ಎಂದು ತಾಟನ್ನು ಅಂಗಳಕ್ಕೆ ಒಗೆದಳು. ಟೀಚರ್ ಚಹಾದ ಕಪ್ಪು ನೆಲಕ್ಕಿಟ್ಟು ಎದ್ದರು. “ನೆಟ್‌ವರ್ಕ್ ಹೋತ್ರೀ. ಆಮ್ಯಾಲ ಬರ್ತೇನಿ,” ಎಂದವರು, ಯಾರನ್ನೂ ನೋಡದೆ ಗೇಟು ದಾಟಿದರು.

ಮಧ್ಯಾಹ್ನದೊಳಗೆ ವಾಣಿಶ್ರೀ ಐದನೇ ಖೋಲಿಯ ಮುಂದೆ ಬೀಗ ಹಿಡಿದು ನಿಂತಿದ್ದಳು. ಕೂಗಾಡಲಿಲ್ಲ. “ನಾ ಇಟಗೊಂಡಿದ್ದೆ. ನೀನ ಕೆಡಿಸಿಗೊಂಡಿ. ನಾಳೆ ಕ್ಯಾಂಟೀನದವ್ರ ಕಿವಿಗೆ ಇದು ಬಿದ್ರ ನನ್ನ ರೊಟ್ಟಿ ಯಾರ ತಿಂತಾರ?” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ತನಗೆ ಮೋಸವಾಗಿದೆ ಎಂದು ಅವಳು ಖರೇ ನಂಬಿದ್ದಳು.

ಒಂದು ಟ್ರಂಕು, ಒಂದು ಹಾಸಿಗೆ, ನಾಲ್ಕು ಪಾತ್ರೆ, ಮಾನಸಿಯ ಪುಸ್ತಕದ ಚೀಲ. ತಾಯಿ ಮಗಳು ಎರಡು ಸಲ ಓಡಾಡಿ ಎಲ್ಲವನ್ನೂ ಓಣಿಯ ತುದಿಗೆ ತಂದಿಟ್ಟರು. ಎರಡನೇ ಸಲ ಬರುವಾಗ ಮಾನಸಿ ಕದದ ಮೇಲಿನ ನಂಬರಿನ ಚೀಟಿಯ ಅಂಚಿಗೆ ಉಗುರು ಕೊಟ್ಟಳು. ಹರಿಯದ ಹಾಗೆ ಸಾವಕಾಶ ಸುಲಿದು ತೆಗೆದು, ತಾಯಿಯ ಅಂಗೈಗೆ ಅಂಟಿಸಿದಳು. ವಾಣಿಶ್ರೀ ನೋಡುತ್ತಲೇ ನಿಂತಿದ್ದಳು, ತಡೆಯಲಿಲ್ಲ. ಖೋಲಿಯಿಂದ ಓಣಿಯ ತುದಿಯವರೆಗೆ ಇಬ್ಬರೂ ಮೆಟ್ಟಿನ ಸದ್ದು ಮಾಡುತ್ತಲೇ ನಡೆದರು.

ಲೈಟಿನ ಕಂಬದ ಬುಡದಲ್ಲಿ ಟ್ರಂಕಿನ ಮೇಲೆ ಅವರು ಸಂಜೆಯವರೆಗೆ ಕೂತರು. ಹೆಬ್ಬಳ್ಳಿಗೆ ಬಸ್ಸಿತ್ತು. ಆದರೆ ಹೆಬ್ಬಳ್ಳಿಯಲ್ಲಿ ಅವರ ಹೆಸರು ಹೊಡೆದಾಗಿತ್ತು. ಸಂಜೆಯ ಸರದಿಗೆ ಬಂದ ಶರೀಫಸಾಬ ಆಟೊದ ವೇಗ ಇಳಿಸಿದ. ಏನೋ ಹೇಳಲು ಬಾಯಿ ತೆರೆದವನು, ಗೇಟಿನಲ್ಲಿ ನಿಂತ ವಾಣಿಶ್ರೀಯನ್ನು ಕಂಡು, ರೊಟ್ಟಿ ತರಲು ಒಳಗೆ ಹೋದ. ಪಡಸಾಲೆಯಿಂದ ಮುದುಕಿಯ ದನಿ ಓಣಿಯ ತುದಿಗೂ ಕೇಳುತ್ತಿತ್ತು. “ಇದೆಂಥಾ ರೊಟ್ಟಿ ಬಡಿಸೀಬೇ? ದನದ ತೊಗಲ ಇದ್ಹಂಗ ಐತಿ.”

ಹೊತ್ತು ಮುಳುಗುವ ಮುಂಚೆ ರಾಜೇಶ್ವರಿ ಟೀಚರ್ ಪಕ್ಕದ ಓಣಿ ಮುಗಿಸಿ ಸ್ಕೂಟಿಯ ಹತ್ತಿರ ಬಂದರು. ಸ್ಕೂಟಿ ನಿಂತದ್ದು ಕಂಬದಿಂದ ನಾಲ್ಕು ಮಾರು ದೂರ. ಮಾಳವ್ವ ಎದ್ದು ಹೋಗಿ ಎದುರಿಗೆ ನಿಂತು ಅಂಗೈ ಚಾಚಿದಳು. ಒಣಗಿದ ಹಿಟ್ಟಿನ ಮೇಲೆ ಚೀಟಿ ಅಂಟಿಕೊಂಡಿತ್ತು.

“ಅಕ್ಕೋರ, ಮನಿ ನಂಬರ ತಂದೇನ್ರೀ. ಇಬ್ರು ಅದೀವಿ.”

ಟೀಚರ್ ಚೀಟಿ ನೋಡಿದರು. ಓಣಿಯ ಆ ತುದಿಯ ಗೇಟನ್ನು ನೋಡಿದರು. ಚೀಲದಿಂದ ಮೊಬೈಲು ತೆಗೆದು ಅದನ್ನೇ ನೋಡುತ್ತ ನಿಂತರು. ಅದರ ಪರದೆ ಕಪ್ಪಗಿತ್ತು.

ಟ್ರಂಕಿನ ಮೇಲಿದ್ದ ಮಾನಸಿ ಎದ್ದು ನಿಂತಳು.

“ಬರಕೋರೀ,” ಎಂದಳು ಮಾಳವ್ವ.